1.8 ಮಾತ್ರ, ಮೇಲಿನದು ಸಲ್ಲದು

ನವೆಂಬರ್ 5, ಮಂಗಳವಾರ

ಇಪ್ಪತ್ತೇಳನೆಯ ಮಷೀನು ಮುಗಿಯಿತು. ಇನ್ನು ಹದಿನಾರು. ಬೆಳಗ್ಗೆಯಿಂದ ಇದೇ ಕೆಲಸ — ಕೂತವರನ್ನು ಎಬ್ಬಿಸು, ಕೂರು, ಅಪ್‌ಗ್ರೇಡ್ ಹಾಕು, ಒಪ್ಪಿಗೆಗೆ ‘ವೈ’ ಒತ್ತು, ಏಳು. ಕೀಬೋರ್ಡುಗಳ ಜಿಡ್ಡು ನೋಡಬೇಕು. ಒಬ್ಬರದ್ದರಲ್ಲಿ ಸಮೋಸಾದ ಚೂರು. ಇನ್ನೊಬ್ಬರದ್ದರಲ್ಲಿ ಕತ್ತರಿಸಿದ ಉಗುರು. ಥೂ! ಕೈ ತೊಳೆಯೋಣವೆಂದು ಹೋದರೆ ಬೇಸಿನ್ನಿನ ತುಂಬ ಪಾನ್ ಉಗುಳು. ಹೊರಗಿನ ಗಾಳಿ ಬೇರೆ ಸುಟ್ಟ ರಬ್ಬರಿನ ವಾಸನೆ. ಉತ್ತರದ ಈ ರಾಜಧಾನಿಗೆ ಬಂದು ಹತ್ತೊಂಬತ್ತು ವರ್ಷವಾಯಿತು, ನವೆಂಬರ್ ಮಾತ್ರ ಒಗ್ಗಲಿಲ್ಲ.

ಆಡಿಟ್‌ನವರ ಆಜ್ಞೆ. ನಮ್ಮ ಕಚೇರಿಯ ನಲವತ್ಮೂರು ಕಂಪ್ಯೂಟರಿಗೂ ಫೈಲ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಕೂರಿಸಬೇಕು. ಗಡುವು 22. ಒಮ್ಮೆ ಹೊಸದಾದ ಮಷೀನು ಮತ್ತೆ ಹಳೆಯದಕ್ಕೆ ಹೋಗುವ ಹಾಗಿಲ್ಲ, ಸರ್ವರ್ ಒಳಗೆ ಬಿಡುವುದಿಲ್ಲ. ಸಿಸ್ಟಮ್ಸ್ ವಿಭಾಗ ಎಂದು ಬಾಗಿಲಿಗೆ ಬೋರ್ಡಿದೆ. ಒಳಗಿರುವವಳು ನಾನೊಬ್ಬಳೇ.

ನಾಲ್ಕು ಗಂಟೆಗೆ ಮಹಂತೇಶನ ಮಷೀನು, ಇಪ್ಪತ್ತೆಂಟನೆಯದು. ಪತ್ರ ವಿಭಾಗದವನು. ಕಣ್ಣು ಕಾಣುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಪರದೆಯ ಮೇಲಿನದನ್ನು ಕಂಪ್ಯೂಟರ್ ಓದಿ ಹೇಳುತ್ತಿದ್ದ ಹಾಗೆ ಟಪಟಪ ಕೆಲಸ ಮಾಡುತ್ತಾನೆ. ಅವನ ಡ್ರಾಫ್ಟಿನಲ್ಲಿ ತಪ್ಪು ಹುಡುಕಿದರೂ ಸಿಗದು. ಎದ್ದು ಜಾಗ ಕೊಟ್ಟ. ಕೂತೆ. ‘ಕೆಳಗಿನವುಗಳನ್ನು ತೆಗೆದುಹಾಕಲಾಗುವುದು’ ಎಂದು ಪಟ್ಟಿ ಬಂತು. ಉದ್ದದ ಪಟ್ಟಿ. ಓದಲಿಲ್ಲ. ವೈ ಒತ್ತಿದೆ.

ಅವನು ಕೂತ. ಇಯರ್‌ಫೋನ್ ಹಾಕಿಕೊಂಡ. ತೆಗೆದು, ಊದಿ, ಮತ್ತೆ ಹಾಕಿಕೊಂಡ.

“ಮೇಡಂ, ಇದು ಮಾತಾಡ್ತಾ ಇಲ್ರೀ.”

ಪಟ್ಟಿಯನ್ನು ಆಗ ಓದಿದೆ. ಓದಿ ಹೇಳುವ ಧ್ವನಿಯೇ ಅದರಲ್ಲಿತ್ತು.

ಮನೆಗೆ ಬಂದು ಮಗಳು ಅಮೂಲ್ಯಳಿಗೆ ಹೇಳಿದರೆ ನಗುತ್ತಾಳೆ. “ಮಮ್ಮಾ, ನಾನು ಏನಾದ್ರೂ ಪಢೇ ಬಿನಾ ಆಕ್ಸೆಪ್ಟ್ ಒತ್ತಿದ್ರೆ ಕಿತ್ನಾ ಡಾಂಟ್ ಮಾಡ್ತೀಯ ನೀನು!” ಓದದೆ ಒತ್ತಿದ್ದಕ್ಕೆ ಅವಳನ್ನು ಬೈಯುವವಳು ನಾನೇ. ಹದಿನೈದು ವರ್ಷದ, ಅರ್ಧ ಹಿಂದಿಯ ನಾಲಗೆ. ಸುಮ್ಮನೆ ಅನ್ನಕ್ಕೆ ಸಾರು ಬಡಿಸಿದೆ.


ನವೆಂಬರ್ 6, ಬುಧವಾರ

ಜಗಳ ಎಲ್ಲಿದೆಯೆಂದು ತಿಳಿಯಿತು. ಸ್ಪೀಕರಿಗೆ ಸದ್ದು ಕಳಿಸುವ ಒಂದು ಲೈಬ್ರರಿ, ಅಂದರೆ ಬೇರೆ ಸಾಫ್ಟ್‌ವೇರುಗಳು ಬಳಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಇದೆ. ಹೊಸ ಫೈಲ್ ಸಾಫ್ಟ್‌ವೇರಿಗೆ ಅದರ 2.1 ಅಥವಾ ಮೇಲಿನ ಆವೃತ್ತಿ ಬೇಕು — ವಿಡಿಯೋ ಮೀಟಿಂಗ್ ಸೇರಿಸಿದ್ದಾರಂತೆ, ಯಾರಪ್ಪನಿಗೆ ಬೇಕಿತ್ತೋ. ಮಹಂತೇಶನ ಧ್ವನಿಗೆ 1.8 ಬೇಕು. 1.8 ಮಾತ್ರ, ಮೇಲಿನದು ಸಲ್ಲದು ಎಂದು ಅದರಲ್ಲೇ ಬರೆದಿದೆ. ಒಂದು ಮಷೀನಿನಲ್ಲಿ ಎರಡೂ ಇರಲಾರವು. ಎತ್ತು ಏರಿಗೆ, ಕೋಣ ನೀರಿಗೆ.

1.8 ಹಾಕಿದೆ. ಧ್ವನಿ ಬಂತು, ಫೈಲ್ ತೆರೆಯಲಿಲ್ಲ. 2.1 ಹಾಕಿದೆ. ಫೈಲ್ ತೆರೆಯಿತು, ಧ್ವನಿ ಹೋಯಿತು. ಹೀಗೆ ಏಳು ಸಲ. ಬೇರೆ ಧ್ವನಿ ಹಾಕಿ ನೋಡಿದೆ. ನಮ್ಮ ಫೈಲುಗಳ ಹಿಂದಿ-ಇಂಗ್ಲಿಷ್ ಕಿಚಡಿಯನ್ನು ಅದು ವಾಂತಿ ಮಾಡುವವರ ಹಾಗೆ ಓದಿತು. ಮಹಂತೇಶ್ ಎರಡು ನಿಮಿಷ ಕೇಳಿ ಇಯರ್‌ಫೋನ್ ಕೆಳಗಿಟ್ಟ.

“ಇಪ್ಪತ್ತೆರಡಕ್ಕೆ ನನ್ನ ಪರೀಕ್ಷೆ ಇದೆ ಮೇಡಂ. ನೆನಪಿದೆಯಲ್ಲ?”

ಇರಲಿಲ್ಲ. ಬಡ್ತಿಯ ಇಲಾಖಾ ಪರೀಕ್ಷೆ. ಮೂರೇ ಅವಕಾಶ, ಇದು ಮೂರನೆಯದು. ಮೊದಲ ಸಲ ಸೆಂಟರಿನ ಮಷೀನಿನಲ್ಲಿ ಓದುವ ಧ್ವನಿಯೇ ಇರಲಿಲ್ಲ. ಎರಡನೇ ಸಲ ಡೆಂಗ್ಯೂ. ಆಮೇಲೆ ಹೋರಾಡಿ ಬರೆಸಿಕೊಂಡಿದ್ದಾನೆ — ತನ್ನ ಮೇಜು, ತನ್ನ ಮಷೀನು, ಹೊಸ ಫೈಲ್ ಸಾಫ್ಟ್‌ವೇರಿನಲ್ಲೇ ಪ್ರಶ್ನೆ, ಅದರಲ್ಲೇ ಉತ್ತರ. ಓದಿ ಹೇಳುವವರು ಕೂಡದು, ಒಬ್ಬನೇ ಮಾಡಿ ತೋರಿಸಬೇಕು. ಇದೂ ಹೋದರೆ ನಿವೃತ್ತಿಯವರೆಗೆ ಇದೇ ಕುರ್ಚಿ. ಅವನಿಗೀಗ ಮೂವತ್ನಾಲ್ಕು.


ನವೆಂಬರ್ 8, ಶುಕ್ರವಾರ

ಸಾಫ್ಟ್‌ವೇರ್ ಕಂಪನಿಯ ಹೆಲ್ಪ್‌ಡೆಸ್ಕಿಗೆ ಫೋನ್. ನೋಯ್ಡಾದಿಂದ ಸುಮಿತ್ ಎಂಬವನು. ಇನ್ನೂ ಪೂರ್ತಿ ಹೇಳಿರಲಿಲ್ಲ, “ಮ್ಯಾಮ್, ಟಿಕೆಟ್ ರೇಸ್ ಕರ್ ದೀಜಿಯೆ” ಎಂದ, ದೂರು ದಾಖಲಿಸಿ ಎಂದರ್ಥ. ಮಾಡಿದೆ. ಸಂಜೆಗೆ ಟಿಕೆಟ್ ಮುಚ್ಚಿದ ಮೇಲ್ ಬಂತು. ‘ಉತ್ಪನ್ನ ನಿಗದಿಯಂತೆ ಕೆಲಸ ಮಾಡುತ್ತಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?’

ಮತ್ತೆ ಫೋನ್ ಮಾಡಿದೆ. ಒಬ್ಬ ಮನುಷ್ಯನ ನೌಕರಿಯ ಪ್ರಶ್ನೆ ಎಂದೆ. “ಐ ಟೋಟಲಿ ಅಂಡರ್‌ಸ್ಟ್ಯಾಂಡ್ ಮ್ಯಾಮ್,” ಎಂದ. ಆ ‘ಟೋಟಲಿ’ ಕೇಳಿ ಮೈಯೆಲ್ಲ ಉರಿಯಿತು. ಆಮೇಲೆ ಅವನೇ ಒಂದು ಮಾತು ಹೇಳಿದ — ಧ್ವನಿಯ ಪ್ಯಾಕೇಜು ನಮ್ಮದಲ್ಲ, ನಿಮ್ಮ ಆಫೀಸಿನವರೇ ಮಾಡಿದ್ದು, ಹೆಸರು ನೋಡಿ.

ನೋಡಿದೆ. ಕೆ. ದಕ್ಷಿಣಾಮೂರ್ತಿ. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವರು. ಆರು ವರ್ಷದ ಹಿಂದೆ ಇಲ್ಲೇ ಕೂತು, ಮಹಂತೇಶನಿಗಾಗಿ ಆ ಕಿಚಡಿ ಓದುವ ಧ್ವನಿಯನ್ನು ತಾವೇ ಕಟ್ಟಿದ್ದರಂತೆ. ಯಾಕೆ 1.8 ಎಂಬುದಕ್ಕೆ ಟಿಪ್ಪಣಿ ಇಲ್ಲ, ಕಾಗದ ಇಲ್ಲ. ರಿಟೈರಾಗಿ ದ್ವಾರಕಾ ಬಡಾವಣೆಯಲ್ಲೇ ಇದ್ದಾರೆ, ನಮ್ಮ ಅಪಾರ್ಟ್‌ಮೆಂಟಿನಿಂದ ಮೂರು ಸೆಕ್ಟರ್ ಆಚೆ.


ನವೆಂಬರ್ 10, ಭಾನುವಾರ

ದಕ್ಷಿಣಾಮೂರ್ತಿಯವರ ಮನೆಗೆ ಹೋಗಿ ಬಂದೆ. ಅವರ ಮನೆಯವರು ವಿಜಯಮ್ಮ ಅವಲಕ್ಕಿ ಕೊಟ್ಟರು, ಗಾಳಿ ಕೆಟ್ಟಿದೆಯೆಂದು ಬಿಸಿನೀರಿಗೆ ಅರಿಸಿನ ಹಾಕಿ ಕೊಟ್ಟರು. ಕುಡಿದೆ. ಈ ಹದಿನೈದು ದಿನದಲ್ಲಿ ಬಾಯಿಗೆ ಹಿತವಾಗಿದ್ದು ಅದೊಂದೇ.

ಕೇಳಿದೆ — ಸರ್, 2.1ರಲ್ಲಿ ನಿಮ್ಮ ಧ್ವನಿ ಯಾಕೆ ಕೆಲಸ ಮಾಡಲ್ಲ?

“ಯಾರು ಹೇಳಿದ್ರು ಮಾಡಲ್ಲ ಅಂತ?”

“ನೀವೇ ಬರ್ದಿದೀರಲ್ಲ ಸರ್. 1.8 ಮಾತ್ರ ಅಂತ.”

ಹೊಟ್ಟೆ ಕುಲುಕುವಂತೆ ನಕ್ಕರು. “ಅಯ್ಯೋ ಹಂಸಾ, ಅದು ಮಷೀನಿಗೆ ಬರ್ದಿದ್ದಲ್ಲಮ್ಮ, ಫೈಲಿಗೆ ಬರ್ದಿದ್ದು! ಮಂಜೂರಾತಿ ಪತ್ರದಲ್ಲಿ ಲೈಬ್ರರಿ 1.8 ಅಂತ ಇತ್ತು. ನಾಳೆ ಇನ್ಯಾವುದರ ಮೇಲೋ ಓಡಿ ಏನಾದ್ರೂ ಆದ್ರೆ ನನ್ನ ತಲೆಗೆ. ಆರ್ಡರಿನಲ್ಲಿ ಏನಿತ್ತೋ ಅದನ್ನೇ ಹಾಕಿಬಿಟ್ಟೆ. ಆ ಒಂದು ಸಾಲು ತೆಗಿ, ಎಲ್ಲದರಲ್ಲೂ ಓಡುತ್ತೆ.”

ಅಂದರೆ ಜಗಳವೇ ಇರಲಿಲ್ಲ. ಏಳು ಸಲ ಹಾಕಿ ತೆಗೆದಿದ್ದು, ಟಿಕೆಟ್ಟು, ಮಹಂತೇಶ್ ಮೂರು ದಿನ ಸುಮ್ಮನೆ ಕೂತಿದ್ದು — ಎಲ್ಲ ಒಬ್ಬ ಮನುಷ್ಯ ತನ್ನ ಪಿಂಚಣಿಗೆ ಹೆದರಿ ಬರೆದ ಒಂದು ಸಾಲಿಗೆ. ಒಳ್ಳೆಯ ಮನುಷ್ಯ. ಬಿಡುವಿನಲ್ಲಿ, ಯಾರೂ ಕೇಳದೆ, ಒಬ್ಬರಿಗೆ ಧ್ವನಿ ಕಟ್ಟಿಕೊಟ್ಟವರು. ಅದನ್ನು ಕಟ್ಟಿ, ಕೊರಳಿಗೆ ತಾವೇ ಹಗ್ಗವನ್ನೂ ಬಿಗಿದಿದ್ದಾರೆ. ಬರುವಾಗ ಮೆಟ್ಟಿಲಿಳಿಯುತ್ತ ಅವರ ಮೇಲೆ ಅಸಹ್ಯವಾಯಿತು. ನಾನಾದರೆ ಇಷ್ಟು ಪುಕ್ಕಲಳಾಗುತ್ತಿರಲಿಲ್ಲ.


ನವೆಂಬರ್ 11, ಸೋಮವಾರ

ಸಾಲು ತೆಗೆದೆ. ಕೂರಿಸಿದೆ. 2.1ರ ಮೇಲೆ ಧ್ವನಿ ಓಡಿತು. ಫೈಲೂ ತೆರೆಯಿತು.

ಮಹಂತೇಶ್ ಇಯರ್‌ಫೋನ್ ಹಾಕಿಕೊಂಡ. ಬಾಕಿ ಬಿದ್ದ ಹನ್ನೊಂದು ಪತ್ರಗಳನ್ನು ಊಟಕ್ಕೆ ಮುಂಚೆ ಮುಗಿಸಿದ. ಲಕ್ಷ್ಮೀ ನಗರದ ತನ್ನ ರೂಮಿನ ಕೆಳಗೆ ಒಳ್ಳೆಯ ಗಜಕ್, ಎಳ್ಳು-ಬೆಲ್ಲದ ಮಿಠಾಯಿ, ಸಿಗುತ್ತದೆಯಂತೆ, ಮಧ್ಯಾಹ್ನ ಒಂದು ಪೊಟ್ಟಣ ನನ್ನ ಮೇಜಿನ ಮೇಲಿಟ್ಟು ಹೋದ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಬದಲಾದ ಪ್ಯಾಕೇಜನ್ನು ಮಂಜೂರಾತಿ ಇಲ್ಲದೆ ಸರ್ಕಾರಿ ಮಷೀನಿನಲ್ಲಿ ಇಡುವ ಹಾಗಿಲ್ಲ. ಫೈಲ್ ಎಬ್ಬಿಸಿದೆ. ಪ್ರಾಮಾಣಿಕಳಲ್ಲವೇ ನಾನು.


ನವೆಂಬರ್ 14, ಗುರುವಾರ

ನಮ್ಮ ಡೆಪ್ಯುಟಿ ಡೈರೆಕ್ಟರ್ ಚಂದ್ರಕಾಂತ ಸಾಹೇಬರು ಫೈಲಿನ ಮೇಲೆ ಎರಡು ಪದ ಬರೆದು ಕಳಿಸಿದ್ದಾರೆ. ‘ದಯವಿಟ್ಟು ಚರ್ಚಿಸಿ.’ ಏನೂ ತೀರ್ಮಾನಿಸದೆ ಫೈಲನ್ನು ತಮ್ಮ ಮೇಜಿನಿಂದ ಓಡಿಸುವ ಉಪಾಯ ಇದು, ಈ ಭವನದಲ್ಲಿ ಎಲ್ಲರಿಗೂ ಬರುತ್ತದೆ. ಚರ್ಚಿಸಲು ಹೋದರೆ ಮೀಟಿಂಗಿನಲ್ಲಿದ್ದರು. ಮತ್ತೆ ಹೋದರೆ ಕಿತ್ತಳೆ ಸುಲಿಯುತ್ತಿದ್ದರು.

“ಹಂಸಾ ಜೀ, ಇಸ್ ಮೇ ರಿಸ್ಕ್ ಹೈ,” ಎಂದರು, ಬೀಜ ಉಗುಳುತ್ತಾ. ಬೀಜ ಫೈಲಿನ ಮೇಲೇ ಬಿತ್ತು. ತೆಗೆಯಲಿಲ್ಲ. “ಓಪನ್ ಛೋಡ್ ನಹೀಂ ಸಕ್ತೇ.”

ಆವೃತ್ತಿಯ ಮಿತಿಯಿಲ್ಲದೆ ತೆರೆದು ಬಿಡಲಾಗದಂತೆ; ಏನೂ ಮುಚ್ಚಿಲ್ಲದ್ದು ಎಂದರೆ ಇವರಿಗೆ ಭಯ. ನಾನು ವಿವರಿಸಿದೆ. ಕೋಣನ ಮುಂದೆ ಕಿನ್ನರಿ.

ನಾಳೆ ರಜೆ. ಶನಿ, ಭಾನು. ಫೈಲಿಗೂ ರಜೆ.


ನವೆಂಬರ್ 20, ಬುಧವಾರ

ಹೊಗೆ ವಿಪರೀತ, ಶಾಲೆಗಳೆಲ್ಲ ಬಂದ್. ಕಚೇರಿಗೆ ಮಾತ್ರ ಸಮಯ ಬದಲಾಯಿಸಿದ್ದಾರೆ, ಹೊಗೆ ಗಡಿಯಾರ ನೋಡಿ ಬರುತ್ತದೆಂಬಂತೆ. ಮೆಟ್ರೋದಲ್ಲಿ ಎಲ್ಲರೂ ಒಬ್ಬರ ಮುಖಕ್ಕೊಬ್ಬರು ಕೆಮ್ಮುತ್ತಾರೆ. ನನ್ನ ಕಫ ಬೂದಿ ಬಣ್ಣಕ್ಕೆ ತಿರುಗಿದೆ.

ಫೈಲ್ ಬಂತು. ಮಂಜೂರು! ಆದರೆ ಕೆಳಗೆ ಷರತ್ತು. ‘ಲೈಬ್ರರಿ 2.1ಕ್ಕೆ ಮಾತ್ರ ಅನುಮೋದಿಸಲಾಗಿದೆ. ಬೇರೆ ಯಾವುದೇ ಆವೃತ್ತಿಯ ಮೇಲೆ ಓಡದಂತೆ ಸಿಸ್ಟಮ್ಸ್ ವಿಭಾಗ ಖಚಿತಪಡಿಸುವುದು. ಪಾಲಿಸದಿದ್ದಲ್ಲಿ ಪ್ಯಾಕೇಜನ್ನು 21ರ ಸಂಜೆಯೊಳಗೆ ತೆಗೆಯುವುದು.’

ಅದೇ ಸಾಲು. ಅಂಕಿ ಬೇರೆ. 


ನವೆಂಬರ್ 21, ಗುರುವಾರ

ಬರೆದೆ. ಸಂಜೆ ನಾಲ್ಕು ನಲವತ್ತಕ್ಕೆ. ‘2.1 ಮಾತ್ರ.’ ಕೆಳಗೆ ಹೆಸರು, ದಕ್ಷಿಣಾಮೂರ್ತಿಯವರದ್ದು ಅಳಿಸಿ ನನ್ನದು.

ಬೇರೆ ದಾರಿ ಇರಲಿಲ್ಲ. ಬರೆಯದಿದ್ದರೆ ಧ್ವನಿಯನ್ನೇ ಇವತ್ತು ತೆಗೆಯಬೇಕಿತ್ತು. ನಾಳೆ ಒಂದು ದಿನ ಓಡಿದರೆ ಸಾಕಲ್ಲ.

ಮಹಂತೇಶ್ ಪಕ್ಕದಲ್ಲೇ ನಿಂತಿದ್ದ. ಕೀಲಿಗಳ ಸದ್ದು ಕೇಳಿಯೇ ಅವನಿಗೆ ಅರ್ಧ ತಿಳಿಯುತ್ತದೆ.

“ಮತ್ತೆ ಮಿತಿ ಹಾಕಿದ್ರಾ ಮೇಡಂ?”

“ಹೂಂ. ಆರ್ಡರು.”

“ಬೆಳಗ್ಗೆ ಆರಕ್ಕೆ ಎಲ್ಲಾ ಮಷೀನೂ ತಾನೇ ಅಪ್‌ಡೇಟ್ ಆಗುತ್ತಲ್ಲ. ಲೈಬ್ರರಿ ಮುಂದಿನದು ಬಂದ್ಬಿಟ್ರೆ?”

“ಒಂದು ದಿನದ ಮಾತು, ಏನೂ ಆಗಲ್ಲ. ನೀವು ಹೋಗಿ ಚೆನ್ನಾಗಿ ನಿದ್ದೆ ಮಾಡಿ.”

ಹೋದ. ಆಮೇಲೆ ನೋಡಿದೆ. ಸರ್ವರಿನಲ್ಲಿ ಸರತಿಯಲ್ಲಿದೆ, 2.2. ನಾಳೆಯೋ ನಾಡಿದ್ದೋ ಹಂಚಿಕೆ. ಅವನ ಮಷೀನಿಗೆ ಬೆಳಗಿನ ಅಪ್‌ಡೇಟ್ ನಿಲ್ಲಿಸಲು ಒಂದೇ ಒಂದು ಕಮಾಂಡ್ ಸಾಕು. ಟೈಪ್ ಕೂಡ ಮಾಡಿದೆ. ಆದರೆ ನಾಳೆ ಆಡಿಟ್ ಗಡುವು. ‘42 ಸರಿ, 1 ಅಪ್‌ಡೇಟ್ ತಡೆಯಲಾಗಿದೆ, ತಡೆದವರು: ಹಂಸಾ’ ಎಂದು ರಿಪೋರ್ಟಿನಲ್ಲಿ ಕೆಂಪಕ್ಷರ ಬರುತ್ತದೆ. ಅಳಿಸಿದೆ. ಐದೂವರೆಯ ಮೆಟ್ರೋ ಹಿಡಿದೆ.

ನಾಳೆ ಬರಲಾರದು. ನಾಡಿದ್ದು ಬರಬಹುದು.


ನವೆಂಬರ್ 22, ಶುಕ್ರವಾರ

ಬಂತು. ಬೆಳಗ್ಗೆ ಆರಕ್ಕೆ 2.2 ಬಂತು. ನನ್ನ ಸಾಲು ಒಲ್ಲೆ ಎಂದಿತು. ಮಷೀನು ಧ್ವನಿಯನ್ನು ಕಿತ್ತು ಹೊರಗೆಸೆಯಿತು.

ನಾನು ತಲುಪಿದ್ದು ಹತ್ತು ಗಂಟೆಗೆ. ಪರೀಕ್ಷಕರು ಒಂಬತ್ತೂವರೆಗೇ ಬಂದು ಮಷೀನನ್ನು ಸೀಲ್ ಮಾಡಿಯಾಗಿತ್ತು. ಸೀಲಾದ ಮೇಲೆ ಪರೀಕ್ಷಾರ್ಥಿಯ ಹೊರತು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಎರಡು ನಿಮಿಷ ಕೊಡಿ ಎಂದೆ. ನನ್ನದೇ ತಪ್ಪು ಎನ್ನಲಿಲ್ಲ. ‘ಸಣ್ಣ ಟೆಕ್ನಿಕಲ್ ಇಶ್ಯೂ’ ಎಂದೆ. “ನೋ ಮೇಡಂ. ಟೈಮ್ ಸ್ಟಾರ್ಟ್ಸ್.” ಮಹಂತೇಶ್ ಎದ್ದು ನಿಂತು ಮಷೀನು ಮಾತಾಡುತ್ತಿಲ್ಲವೆಂದು ಹೇಳಿದ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಎರಡು ಸಲ. ಪರೀಕ್ಷಕರು ಅದನ್ನು ಒಂದು ಫಾರಂನಲ್ಲಿ ಬರೆದುಕೊಂಡರು. ಕೂರಿ ಎಂದರು.

ನಲವತ್ತು ನಿಮಿಷ. ಗಾಜಿನ ಆಚೆ ನಿಂತು ನೋಡಿದೆ. ತನ್ನ ಹೆಸರು, ರೋಲ್ ನಂಬರ್ ಟೈಪ್ ಮಾಡಿದ, ಅಷ್ಟಕ್ಕೆ ಅವನಿಗೆ ಧ್ವನಿ ಬೇಡ. ಪ್ರಶ್ನೆ ಪರದೆಯ ಮೇಲೆ ದಪ್ಪಕ್ಷರದಲ್ಲಿತ್ತು. ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು, ಅವನೊಬ್ಬನ ಹೊರತು. ಆಮೇಲೆ ಕೈಗಳನ್ನು ಕೀಬೋರ್ಡಿನ ಮೇಲೇ ಇಟ್ಟುಕೊಂಡು ನೆಟ್ಟಗೆ ಕೂತ. ಗಂಟೆ ಹೊಡೆಯುವವರೆಗೂ ಏಳಲಿಲ್ಲ.

ಮೇಲಿನ ಮಹಡಿಯಿಂದ ಫೋನು. ಆಡಿಟ್ ರಿಪೋರ್ಟ್ ಬಂತಂತೆ. 43ಕ್ಕೆ 43. ಚಂದ್ರಕಾಂತ ಸಾಹೇಬರು ಎಲ್ಲರಿಗೂ ಬರ್ಫಿ ತರಿಸಿದ್ದಾರೆ. ನನ್ನ ಮೇಜಿಗೂ ಒಂದು ಬಂತು. ನೊಣ ಕೂತಿತ್ತು. ಕೂತಿರಲಿ ಎಂದು ಬಿಟ್ಟೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಿಜವಾಗಿಯೂ ವಾಂತಿ ಮಾಡಿಕೊಂಡೆ.

ದಕ್ಷಿಣಾಮೂರ್ತಿಯವರನ್ನು ಪುಕ್ಕಲರೆಂದು ಬರೆದಿದ್ದೆನಲ್ಲ. ಅವರಿಗೆ ಗೊತ್ತಿಲ್ಲದೆ ಆಗಿತ್ತು.


ನವೆಂಬರ್ 25, ಸೋಮವಾರ

ಶನಿವಾರ, ಭಾನುವಾರ ಏನೂ ಬರೆಯಲಿಲ್ಲ. ಮನೆಯ ಬಚ್ಚಲು ತಿಕ್ಕಿದೆ. ಎರಡು ಸಲ. ಅಮೂಲ್ಯ ಬಾಗಿಲಲ್ಲಿ ನಿಂತು, “ಮಮ್ಮಾ, ಕ್ಯಾ ಹುವಾ, ಹೇಳು ನಾ,” ಎಂದಳು. ಏನಿಲ್ಲ ಎಂದೆ.

ಬುಧವಾರ ಹನ್ನೊಂದಕ್ಕೆ ಮಹಂತೇಶನ ಪರೀಕ್ಷೆಯ ಬಗ್ಗೆ ಸಮಿತಿ ಕೂರುತ್ತದೆ. ನಿಯಮ ಸರಳ. ಮಷೀನು ತಾನಾಗಿ ಕೆಟ್ಟರೆ ಅದು ಆಕಸ್ಮಿಕ, ಮರುಪರೀಕ್ಷೆ ಇಲ್ಲ. ಕಚೇರಿಯ ತಪ್ಪೆಂದು ಜವಾಬ್ದಾರರು ಬರೆದುಕೊಟ್ಟರೆ ಹದಿನೈದು ದಿನದೊಳಗೆ ಮತ್ತೆ ಪರೀಕ್ಷೆ. ಬರೆದುಕೊಟ್ಟವರ ಮೇಲೆ ಇಲಾಖಾ ವಿಚಾರಣೆ.

ಸಾಹೇಬರು ಒಂದು ಡ್ರಾಫ್ಟ್ ಮಾಡಿಸಿಟ್ಟಿದ್ದರು, ನನ್ನ ಸಹಿಗೆ. ‘ಸ್ವಯಂಚಾಲಿತ ಅಪ್‌ಡೇಟಿನ ಅನಿರೀಕ್ಷಿತ ಪರಿಣಾಮ.’

“ಕಿಸೀ ಕಾ ನಾಮ್ ಮತ್ ಲಿಖಿಯೆ,” ಎಂದರು. “ನಿಮ್ಮ ಹೆಸರೂ ಬೇಡ, ನನ್ನದೂ ಬೇಡ” ಎನ್ನುವುದು ಅದರ ಅರ್ಥ. ಹುಡುಗನಿಗೆ ಬೇರೆ ಏನಾದರೂ ನೋಡೋಣ ಎಂದೂ ಅಂದರು. ಮೂವತ್ನಾಲ್ಕು ವರ್ಷದವನು ಹುಡುಗ! ಕಣ್ಣು ಕಾಣದಿದ್ದರೆ ಇವರ ಲೆಕ್ಕದಲ್ಲಿ ವಯಸ್ಸೂ ಆಗುವುದಿಲ್ಲ.

ಸಹಿ ಮಾಡಲಿಲ್ಲ. ನಾನೇ ಬರೆಯುತ್ತೇನೆಂದು ಹೇಳಿ ಬಂದೆ. ಮುಖ ಸಿಂಡರಿಸಿದರು.


ನವೆಂಬರ್ 27, ಬುಧವಾರ. ಬೆಳಗ್ಗೆ 10.25

ಬರೆದಾಯಿತು. ನಿನ್ನೆ ಇಡೀ ದಿನ ಹಿಡಿಯಿತು. ಒಂದೇ ಪುಟ. ನನ್ನ ಹೆಸರು ಹಾಕಿದ್ದೇನೆ. ಕೊಂಚ ಹಗುರ ಅನ್ನಿಸಿತು, ಸುಳ್ಳೇಕೆ ಹೇಳಲಿ.

10.40

ಮಹಂತೇಶ್ ಬಂದಿದ್ದ. ಎದುರು ಕುರ್ಚಿ ಎಳೆದು ಕೂತ.

“ಏನು ಬರ್ದಿದೀರಿ ಅಂತ ಓದಿ ಹೇಳ್ತೀರಾ ಮೇಡಂ? ನನ್ನ ಮಷೀನ್ ಇನ್ನೂ ಸೀಲಲ್ಲೇ ಇದೆ.”

ಓದಿದೆ. ‘ಧ್ವನಿಯ ಪ್ಯಾಕೇಜನ್ನು ಆವೃತ್ತಿ 2.1ಕ್ಕೆ ಸೀಮಿತಗೊಳಿಸಿದವಳು ಕೆಳಗೆ ಸಹಿ ಮಾಡಿರುವ ನಾನು. 22ರ ಬೆಳಗ್ಗೆ 2.2 ಬರಲಿದೆಯೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.’

ಎರಡನೇ ವಾಕ್ಯಕ್ಕೆ ಬಂದಾಗ ನನ್ನ ದನಿ ಸಣ್ಣದಾಯಿತು. ದನಿಯನ್ನು ಅವನಷ್ಟು ಚೆನ್ನಾಗಿ ಕೇಳುವವರು ಈ ಭವನದಲ್ಲಿ ಇನ್ನೊಬ್ಬರಿಲ್ಲ.

 “ಗಮನಕ್ಕೆ ಬಂದಿರ್ಲಿಲ್ವಾ ಮೇಡಂ? ಗುರುವಾರ ನಾನೇ ಕೇಳಿದ್ನಲ್ಲ.”

ಕಾಗದವನ್ನು ಮಡಚಿ, ಮತ್ತೆ ಬಿಡಿಸಿದೆ.

“ಗಮನಕ್ಕೆ ಬರಲಿಲ್ಲ ಅಂದ್ರೆ ಅದನ್ನ ಆಕಸ್ಮಿಕ ಅಂತಾರೆ. ಆಕಸ್ಮಿಕಕ್ಕೆ ರೀಟೆಸ್ಟ್ ಇಲ್ಲ.” ಸಿಟ್ಟಿರಲಿಲ್ಲ. ಡ್ರಾಫ್ಟಿನಲ್ಲಿ ತಪ್ಪು ತೋರಿಸುವವನ ಹಾಗೆ ಹೇಳಿದ. “ಇನ್ನೂ ಟೈಮಿದೆ. ಬರೀರಿ. ನಾನು ಇಲ್ಲೇ ಕೂತಿರ್ತೀನಿ.”

10.50

ಕೂತೇ ಇದ್ದಾನೆ. ಹೇಳಿಕೆಗೆ ಹಾಕುವ ಮೊದಲು ಈ ಡೈರಿಯಲ್ಲೇ ಬರೆದು ನೋಡುತ್ತಿದ್ದೇನೆ. ಬರೀತಾ ಬರೀತಾ ಗಟ್ಟಿಯಾಗಿ ಓದಿ ಎನ್ನುತ್ತಿದ್ದಾನೆ. ಓದುತ್ತಿದ್ದೇನೆ. ‘2.2 ಸರತಿಯಲ್ಲಿದ್ದುದನ್ನು 21ರ ಸಂಜೆ ನಾನು ನೋಡಿದ್ದೆ. ಅದು ಬಂದರೆ ಇವರ ಮಷೀನಿನ ಧ್ವನಿ ಹೋಗುವುದೆಂದು ನನಗೆ ಗೊತ್ತಿತ್ತು. ತಡೆಯುವ ಕಮಾಂಡನ್ನು ಟೈಪ್ ಮಾಡಿ, ರಿಪೋರ್ಟಿನಲ್ಲಿ ನನ್ನ ಹೆಸರು ಬರುವುದೆಂದು ಹೆದರಿ, ಗೊತ್ತಿದ್ದೂ ನಾನು —